ವಿಭೂತಿಗೆ ಕಾಲಂ ಇಲ್ಲ

ಹ್ಞಾಂ... ಈಗ ಗುರುತು ಸಿಕ್ತು! ನೋಡಿ, ಕಣ್ಣು ಹೆಂಗೆ ಅಗಲ ಆಯ್ತು! ನಿನ್ನೆ ಬೆಳಿಗ್ಗೆಯಿಂದ ಇದೇ ಕೈ ನಿಮ್ಮ ಡ್ರಿಪ್ ಬದಲಾಯಿಸ್ತಿದೆ, ಇದೇ ಕೈ ನಿಮ್ಮ ದಿಂಬು ಎತ್ತಿ ಇಡ್ತಿದೆ. ಈ ಕೈ ಯಾರದು ಅಂತ ಒಂದು ಸಲನಾದ್ರೂ ತಲೆ ಎತ್ತಿ ನೋಡಿದ್ರಾ? ಮಾಸ್ಕ್ ತೆಗೀಬೇಕಾಯ್ತು. ವೇಣಿ ಸಾರ್, ಸಿಸ್ಟರ್ ವೇಣಿ! ಮಹದೇವಪುರದ ನಿಮ್ಮ ದೊಡ್ಡ ಆಸ್ಪತ್ರೆ, ಮೂಳೆ ವಾರ್ಡು. ಸೆಕ್ಯೂರಿಟಿಯವನ ಕೈಲಿ ಗೇಟಿನಾಚೆ ಬಿಡಿಸಿದ್ರಲ್ಲ, ಅದೇ ವೇಣಿ.

ಅರೆ, ಏಳ್ಬೇಡಿ! ಬೆಲ್ ಹುಡುಕ್ತಿದೀರಾ? ಮಂಚದ ಹಿಂದೆ ಬಿದ್ದಿದೆ. ನಾನೇ ಬೀಳಿಸಿದ್ದು. ಗಾಬರಿ ಆಗ್ಬೇಡಿ ಸಾರ್, ಮಟಮಟ ಮಧ್ಯಾಹ್ನ, ಹೊರಗೆ ಜನ ಓಡಾಡ್ತಿದಾರೆ, ನಾನೇನು ನಿಮ್ಮ ಕತ್ತು ಹಿಸುಕೋಕೆ ಬಂದಿಲ್ಲ. ಮಾತಾಡೋಕೆ ಬಂದಿದೀನಿ. ನಿಮಗೂ ನನಗೂ ಮಾತು ಬಾಕಿ ಇತ್ತಲ್ಲ? ಅವತ್ತು ನಿಮ್ಮ ಗಾಜಿನ ರೂಮಲ್ಲಿ ನಾನು ಬಾಯಿ ತೆಗೆದಾಗೆಲ್ಲ 'ಒನ್ ಮಿನಿಟ್ ಸಿಸ್ಟರ್' ಅಂತ ಕೈ ಅಡ್ಡ ಹಿಡಿದ್ರಿ. ಆ ಒಂದು ನಿಮಿಷ ಇವತ್ತಿಗೆ ಮುಗೀತು. ಈಗ ನಿಮ್ಮ ಬಾಯಿಗೇ ತಂತಿ ಬಿಗಿದಿದಾರೆ. ಮೇಲಿನ ಹಲ್ಲು, ಕೆಳಗಿನ ಹಲ್ಲು, ಎರಡನ್ನೂ ಸೇರಿಸಿ ಸುತ್ತಿ... ಆಹಾ, ಎಷ್ಟು ಚೆನ್ನಾಗಿ ಬಿಗಿದಿದಾರೆ!

ಅದಾ? ಗೋಡೆಗೆ ತೂಗು ಹಾಕಿರೋದಾ? ಕಟಿಂಗ್ ಪ್ಲೇಯರ್. ಯಾಕೆ ಹಂಗೆ ಬೆಚ್ತೀರಾ? ನಿಮಗೆ ವಾಂತಿ ಆಗಿ ಉಸಿರು ಕಟ್ಟಿದ್ರೆ ತಂತಿ ಕತ್ತರಿಸೋಕೆ ಅದು. ದವಡೆ ಕಟ್ಟಿದ ಪೇಶಂಟಿನ ತಲೆ ಹತ್ರ ಅದು ಇರ್ಲೇಬೇಕು, ನಾನೇ ತಂದು ಹಾಕಿದ್ದು. ವೇಣಿ ಕೆಲಸದಲ್ಲಿ ತಪ್ಪೋಳಲ್ಲ ಸಾರ್. ತಪ್ಪೋಳು ಅಂತ ಊರೆಲ್ಲ ಸಾರಿದ್ದು ನೀವು.

ದೇವರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಆದ್ರೆ ಮೊನ್ನೆ ಸ್ಟ್ರೆಚರ್ ಮೇಲೆ ಈ ಮುಖ ನೋಡಿದಾಗ, ಯಾರಿಗೋ ಒಂದು ನಮಸ್ಕಾರ ಹಾಕ್ಬೇಕು ಅನ್ನಿಸ್ತು. ಎಲ್ಲಿಯ ಸಿದ್ದಾರ್ಥ್ ಸಾರು, ಎಲ್ಲಿಯ ಮಾದನಾಯಕನಹಳ್ಳಿ! ಬ್ರೂಕ್‌ಫೀಲ್ಡಿನ ಹದಿನಾರನೇ ಮಹಡಿಯೋರು ದಾವಣಗೆರೆಯಿಂದ ಕಾರಲ್ಲಿ ವಾಪಸ್ ಬರ್ತಾ, ತುಮಕೂರು ರೋಡಲ್ಲಿ, ಸರಿಯಾಗಿ ನಮ್ಮ ಗೋಡೌನ್ ತಿರುವಲ್ಲೇ ಲಾರಿ ಹಿಂದೆ ನುಗ್ಗಬೇಕಾ? ಈ ಸಣ್ಣ ಆಸ್ಪತ್ರೆಗೇ ಬರ್ಬೇಕಾ? ನನ್ನ ವಾರ್ಡಿಗೇ? ಇನ್ನೊಬ್ಬಳು ರಜಾ ಹಾಕಿ ನನಗೆ ಡಬಲ್ ಡ್ಯೂಟಿ ಬಿದ್ದಿರೋ ಹೊತ್ತಿಗೇ?

ಏನು, ಸ್ಲೇಟ್ ಬೇಕಾ? ತಗೊಳ್ಳಿ. ನಿಮ್ಮ ಹೆಂಡ್ತಿ ಐಶ್ವರ್ಯಾ ಮೇಡಂ, ಮಗಳ ಸ್ಲೇಟ್ ತಂದ್ಕೊಟ್ಟು ಒಳ್ಳೇ ಕೆಲಸ ಮಾಡಿದಾರೆ. ಪಾಪ, ಒಳ್ಳೇ ಹೆಂಗಸು. ಕೆಳಗೆ ಹಾಲಲ್ಲಿ ಕೂತಿದಾರೆ. ಇನ್ನು ಸಂಜೆ ತನಕ ಮೇಲೆ ಬಿಡಲ್ಲ. ನಾನು ಕೆಳಗಿಳಿದಾಗೆಲ್ಲ ಓಡಿ ಬಂದು, 'ಸಿಸ್ಟರ್, ಊಟ ಮಾಡಿದ್ರಾ ಇವರು?' ಅಂತ ಕೈ ಹಿಡ್ಕೊಳ್ತಾರೆ. 'ಮಾಡಿದ್ರು ಮೇಡಂ' ಅಂತೀನಿ. ಇವತ್ತು ಬೆಳಿಗ್ಗೆ ಬಂದು ನಿಮ್ಮ ಹಣೆಗೆ ವಿಭೂತಿ ಹಚ್ಚಿ ಹೋದ್ರು. ಮೂರು ಬೆರಳಿನ ಗೆರೆ, ಎಷ್ಟು ನೀಟಾಗಿ ಬಂದಿದೆ! ಇರ್ಲಿ, ಅದು ಹಾಗೇ ಇರ್ಲಿ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಬರೆದ್ರಾ? ತೋರಿಸಿ... 'ಹಸಿವು'.

ಹ್ಹ! ಒಂದೇ ಮಾತು. ಹಸಿವು! ಸಾರ್, ನಿಮ್ಮ ಕೈಯಲ್ಲಿ ಈ ಪದ ಬರ್ದಿದ್ದು ನೋಡೋ ಭಾಗ್ಯ ನನಗಿತ್ತಾ! ಅಳಿಸ್ಬೇಡಿ, ಇರ್ಲಿ, ಇನ್ನೊಂದು ಸಲ ನೋಡ್ತೀನಿ.

ಊಟ ಬಂದಿದೆ ಸಾರ್. ಇಗೋ, ಸ್ಟೀಲ್ ಲೋಟದಲ್ಲಿ ಗಂಜಿ, ಇನ್ನೂ ಹಬೆ ಆಡ್ತಿದೆ. ಊಟಕ್ಕೆ ಮುಂಚೆ ಶುಗರ್ ಇಳಿಸೋ ಇಂಜೆಕ್ಷನ್ನೂ ಆಗ್ಲೇ ಕೊಟ್ಟಾಯ್ತು. ಕುಡಿಸ್ತೀನಿ. ಸಿರಿಂಜಿಗೆ ತುಂಬಿ ಕೆನ್ನೆ ಪಕ್ಕದ ಸಂದಿಯಿಂದ ನಿಧಾನಕ್ಕೆ ಬಿಡೋದು ನನಗೆ ಚೆನ್ನಾಗಿ ಬರತ್ತೆ. ಆದ್ರೆ ಮೊದಲು ಮೂರು ಪ್ರಶ್ನೆ. ನೀವೇ ನಮ್ಮನ್ನೆಲ್ಲ ಸ್ಕೂಲ್ ಮಕ್ಕಳ ಥರ ಸಾಲಾಗಿ ಕೂರಿಸಿ ಕಲಿಸಿದ ಮೂರು ಪ್ರಶ್ನೆ. ಆಸ್ಪತ್ರೆಗೆ ಬಂದ ಪ್ರತಿಯೊಬ್ಬರಿಗೂ ನರ್ಸ್ ಕೇಳ್ಬೇಕು: ತೂಕ ಇಳಿದಿದೆಯಾ? ಊಟ ಕಮ್ಮಿ ಆಗಿದೆಯಾ? ಕಾಯಿಲೆ ಎಷ್ಟು ಜೋರು? ಎಲ್ಲ ಸರಿ ಇದ್ರೆ ಸೊನ್ನೆ, ಕಂಪ್ಯೂಟರಲ್ಲಿ ಹಸಿರು. ಸರಿ ಇಲ್ದಿದ್ರೆ ಕೆಂಪು. ಕೆಂಪು ಬಂದ್ರೆ ಡಯಟೀಶಿಯನ್ ಬರ್ಬೇಕು, ಏನು ತಿನ್ನಿಸ್ಬೇಕು, ಹೆಂಗೆ ತಿನ್ನಿಸ್ಬೇಕು ಹೇಳ್ಬೇಕು, ಅಡುಗೆಮನೆ ಅದನ್ನೇ ಕಳಿಸ್ಬೇಕು. ಆ ಆ್ಯಪು ನಿಮ್ಮ ಕೂಸು. ಸಾಫ್ಟ್‌ವೇರ್ ಕಂಪನಿ ಬಿಟ್ಟು ಬಂದು ಆಸ್ಪತ್ರೆಗೆ ಗುಣಮಟ್ಟದ ಮುಖ್ಯಸ್ಥರಾದೋರಲ್ವಾ ನೀವು. ಆ ಆ್ಯಪ್ ಈಗ ಇಲ್ಲಿಗೂ ಬಂದಿದೆ ಸಾರ್. ಈ ಸಣ್ಣ ಆಸ್ಪತ್ರೆಗೂ ಮಾರಿದಾರೆ. ಅದೇ ಹಸಿರು, ಅದೇ ಕೆಂಪು.

ನಿಮ್ಮ ಅಂಕ ನಾನಿನ್ನೂ ಹಾಕಿಲ್ಲ. ಹ್ಞೂ, ನಿಜವಾಗ್ಲೂ. ಹಾಕೋದು ನನ್ನ ಕೈಲಿದೆ. ಸೊನ್ನೆನೂ ಹಾಕ್ಬಹುದು, ಕೆಂಪೂ ಮಾಡ್ಬಹುದು. ಮಂಚದ ಕಂಬಿ ತಟ್ಟಿ. ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ. ತೂಕ ಇಳಿದಿದೆಯಾ ಸಾರ್?

ಒಂದು. ಹೌದಂತೆ! ಅಳತೆ ಎಲ್ಲಿ? ತೂಕದ ಮಶೀನು ಕೆಳಗಡೆ ಓಪಿಡಿಯಲ್ಲಿದೆ, ನೀವು ಮಂಚದಲ್ಲಿದೀರಾ. ಅಲ್ಲೂ ಹಂಗೇ ಅಲ್ವಾ? ಸೊಂಟ ಮುರಿದೋರನ್ನ ಮಶೀನ್ ಮೇಲೆ ನಿಲ್ಲಿಸಿ ಅಂತಿತ್ತು ನಿಮ್ಮ ಆ್ಯಪು! ತೂಕದ ಜಾಗ ಖಾಲಿ ಬಿಟ್ರೆ ಮುಂದಿನ ಪುಟ ತೆರೀತಿರ್ಲಿಲ್ಲ. ಹಂಗಾಗಿ ಏನ್ಮಾಡ್ತಿದ್ವಿ ಗೊತ್ತಾ? ಮುಖ ನೋಡಿ ಹಾಕ್ತಿದ್ವಿ. ಮಕ್ಕಳನ್ನ ಕೇಳಿ ಹಾಕ್ತಿದ್ವಿ. ಒಬ್ಬಳು ನರ್ಸು, ವಾರ್ಡ್ ತುಂಬ ಜನ, ಅರ್ಧಕ್ಕರ್ಧ ಶಿಫ್ಟ್ ಮುಗಿಯೋ ಹೊತ್ತಿಗೆ ಒಟ್ಟಿಗೆ ಕೂತು ತುಂಬ್ತಿದ್ವಿ, ನಿದ್ದೆಗಣ್ಣಲ್ಲಿ. ಹೊಟ್ಟೆ ಇದ್ದೋರಿಗೆ ಸೊನ್ನೆ, ಮೂಳೆ ಕಂಡೋರಿಗೆ ಕೆಂಪು. ನಿಮ್ಮ ಹೊಟ್ಟೆ ನೋಡಿದ್ರೆ ಯಾವ ನರ್ಸು ಕೆಂಪು ಹಾಕ್ತಾಳೆ ಹೇಳಿ! ಇದನ್ನೇ ತಾನೇ ನೀವು ಆಮೇಲೆ ಹಿಡಿದಿದ್ದು? 'ನರ್ಸ್‌ಗಳ ಅಕ್ಯುರಸಿ ಕಡಿಮೆ.' ದೊಡ್ಡ ಹೋಟೆಲಿನ ಹಾಲಲ್ಲಿ ಪರದೆ ಮೇಲೆ ಹಾಕಿ ಓದಿದ್ರಂತಲ್ಲ? ಶಾಲು ಹಾಕಿದ್ರು, ನೆನಪಿನ ಕಾಣಿಕೆ ಕೊಟ್ರು. ಆ ಫೋಟೋ ನಮ್ಮ ವಾರ್ಡಿನ ಲಿಫ್ಟ್ ಪಕ್ಕ ಅಂಟಿಸಿದ್ರು. ದಿನಾ ಅದರ ಕೆಳಗೇ ಹಾದು ಡ್ಯೂಟಿಗೆ ಹೋಗ್ಬೇಕಿತ್ತು ನಾವು.

ಮತ್ತೆ ಲೋಟ ನೋಡ್ತಿದೀರಾ? ಕೊಡ್ತೀನಿ ಅಂದ್ನಲ್ಲ.

ಎರಡನೇ ಪ್ರಶ್ನೆ. ಊಟ ಕಮ್ಮಿ... ಬೇಡ, ಅದು ತಾಳಿ. ಅದಕ್ಕೆ ಮುಂಚೆ ರುದ್ರಮ್ಮಜ್ಜಿಯ ಮಾತು.

ತಲೆ ಆ ಕಡೆ ತಿರುಗಿಸ್ಬೇಡಿ! ಈ ಕಡೆ ನೋಡಿ. ಹೆಸರು ನೆನಪಿದೆ ಅಂತ ಗೊತ್ತು ನನಗೆ. ಹರಪನಹಳ್ಳಿ ಕಡೆಯೋರು, ಮಗ ಅಮರೇಶ್, ನಿಮ್ಮ ಥರಾನೇ ಬ್ರೂಕ್‌ಫೀಲ್ಡ್ ಅಪಾರ್ಟ್‌ಮೆಂಟಿನೋನು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡು ಬಂದ್ರು. ಬಂದ ದಿನ ನಾನೇ ಮೂರು ಪ್ರಶ್ನೆ ಕೇಳಿದ್ದು. ಗುಂಡು ಗುಂಡಗೆ ಇದ್ರು, ಜೋಳದ ರೊಟ್ಟಿ ಉಂಡು ಬೆಳೆದ ಜೀವ. 'ಚಂದಾಗಿ ಉಣ್ತೀನವ್ವ' ಅಂದ್ರು. ಸೊನ್ನೆ ಹಾಕಿದೆ. ಅವತ್ತಿಗೆ ಅದು ಸರಿಯಾದ ಸೊನ್ನೆ ಸಾರ್! ನನ್ನ ಎದೆ ಮುಟ್ಟಿ ಹೇಳ್ತೀನಿ, ಸರಿಯಾದ ಸೊನ್ನೆ!

ಆಪರೇಷನ್‌ಗೆ ಕರ್ಕೊಂಡು ಹೋಗುವಾಗ ಮೈಮೇಲಿನ ಲೋಹ ಎಲ್ಲ ತೆಗೀತಾರಲ್ಲ, ಬಳೆ, ಓಲೆ... ಅದರ ಜೊತೆ ಕೊರಳಲ್ಲಿದ್ದ ಬೆಳ್ಳಿ ಕರಡಿಗೇನೂ ತೆಗೆದ್ರು. ಒಳಗೆ ಇಷ್ಟಲಿಂಗ ಇತ್ತು. ಮಗನ ಕೈಗೆ ಕೊಟ್ರು. ಮಗ ಜೋಪಾನ ಅಂತ ಮನೆ ಲಾಕರಲ್ಲಿಟ್ಟ. ಬೆಳ್ಳಿದು ನೋಡಿ! ಆಸ್ಪತ್ರೇಲಿ ಕಳುವಾದ್ರೆ ಅಂತ.

ನಿಮಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ನಿಮ್ಮನೇಲೂ ಅಜ್ಜಿ ಇದ್ರಲ್ವಾ ಸಾರ್? ಲಿಂಗಪೂಜೆ ಆಗ್ದೆ ಬಾಯಿಗೆ ಒಂದು ಅಗುಳು ಹಾಕ್ತಿದ್ರಾ ಅವರು? ಹಾಕ್ತಿದ್ರಾ? ತಟ್ಟಿ!

ಎರಡು... ಮೂರು ಸಲ ತಟ್ಟಿದ್ರಾ? ಸರಿಯಾಗಿ ತಟ್ಟಿ ಸಾರ್, ಕೈ ಯಾಕೆ ಅಷ್ಟು ನಡುಗ್ತಿದೆ? ಹ್ಞಾಂ, ನಡುಗಲಿ. ನಡುಗ್ಲೇಬೇಕು.

ಅಜ್ಜಿ ಉಣ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ಆಸ್ಪತ್ರೆಯೋರ ಕೈಲಿ 'ನನ್ನ ಲಿಂಗ ತಂದ್ಕೊಡಿ' ಅಂತ ಹೆಂಗೆ ಕೇಳೋದು ಅಂತ ಸಂಕೋಚ, ಮಗನಿಗೆ ಕಷ್ಟ ಕೊಡಬಾರ್ದು ಅಂತ ಇನ್ನೊಂದು. 'ಉಂಡ್ರಾ ಅಜ್ಜಿ?' ಅಂದ್ರೆ, 'ಹೂಂನವ್ವ, ಉಂಡೀನಿ' ಅಂತ ನಗೋರು. ತಟ್ಟೆ ಖಾಲಿ! ಪಕ್ಕದ ಮಂಚದೋಳ ಮಗಳಿಗೆ ಕೊಟ್ಬಿಡೋರು. ಆಯಾ ಬಂದು ಖಾಲಿ ತಟ್ಟೆ ನೋಡಿ, 'ಪೂರ್ತಿ ಊಟ' ಅಂತ ಬರೆಸೋಳು. ನಿಮ್ಮ ಕಂಪ್ಯೂಟರ್ ಪ್ರಕಾರ ಆ ಮಹಡಿಯಲ್ಲಿ ಅವರಷ್ಟು ಚೆನ್ನಾಗಿ ಊಟ ಮಾಡೋರೇ ಇರ್ಲಿಲ್ಲ.

ನನಗೆ ಹೆಂಗೆ ಗೊತ್ತಾಯ್ತು? ಹಣೆ ನೋಡಿ. ನಾನು ಕೊಟ್ಟೂರಿನೋಳು ಸಾರ್. ಬಂದ ದಿನ ಬಿಳಿ ಮೂರು ಗೆರೆ ಇದ್ದ ಹಣೆ, ಆಪರೇಷನ್ ಆದ ಮೇಲೆ ಬರಿದು. ಮಾರನೇ ದಿನಾನೂ ಬರಿದು. ವಿಭೂತಿ ಇಲ್ಲ ಅಂದ್ರೆ ಪೂಜೆ ಇಲ್ಲ, ಪೂಜೆ ಇಲ್ಲ ಅಂದ್ರೆ ಊಟ ಇಲ್ಲ. ಹತ್ರ ಹೋಗಿ ಕಿವೀಲಿ ಕೇಳಿದೆ. ಅಜ್ಜಿ ಕಣ್ಣಲ್ಲಿ ನೀರು ಬಂತು. 'ಯಾರಿಗೂ ಹೇಳಬ್ಯಾಡವ್ವ, ನನ್ನ ಮಗ ಮೊದಲೇ ಸೋತಾನ' ಅಂದ್ರು.

ಓಡಿ ಬಂದೆ. ಅಮರೇಶ್‌ಗೆ ಫೋನ್ ಹೊಡೆದೆ, ಮೀಟಿಂಗಲ್ಲಿದ್ದ, ತೆಗೀಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಸೊನ್ನೆನ ಕೆಂಪು ಮಾಡೋಕೆ ಹೋದೆ. ಆಗ್ಲಿಲ್ಲ. ಬೀಗ! ಮೊದಲ ಅಂಕ ಹಾಕಿದ ಮೇಲೆ ಬದಲಾಯಿಸೋಕೆ ನಿಮ್ಮ ಅನುಮತಿ ಬೇಕು. ನಿಮ್ಮ ಗಾಜಿನ ರೂಮಿಗೆ ಬಂದೆ. ಏನಂದ್ರಿ? ನೆನಪಿದೆಯಾ? ನಾನು ಹೇಳ್ಲಾ, ನಿಮ್ಮ ಧ್ವನೀಲೇ? 'ಸಿಸ್ಟರ್, ಅಂಕ ಬದಲಾಯಿಸಿದ್ರೆ ಮೊದಲಿನದು ತಪ್ಪು ಅಂತ ದಾಖಲಾಗತ್ತೆ. ವಾರ್ಡಿನ ಅಕ್ಯುರಸಿ ಬೀಳತ್ತೆ. ಮುಂದಿನ ವಾರ ಇನ್‌ಸ್ಪೆಕ್ಷನ್ ಇದೆ. ನಿಮ್ಮ ಹತ್ರ ಆಧಾರ ಏನಿದೆ?' ಹಣೆ ಮೇಲೆ ವಿಭೂತಿ ಇಲ್ಲ ಸಾರ್, ಅಂದೆ. ನೀವು ನಕ್ಕರಿ. ಕುರ್ಚಿ ಹಿಂದಕ್ಕೆ ವಾಲಿಸಿ ನಕ್ಕು, ಅಲ್ಲಿದ್ದ ಇಬ್ಬರು ಹುಡುಗರಿಗೂ ಕೇಳೋ ಹಂಗೆ ಹೇಳಿದ್ರಿ: 'ವಿಭೂತಿಗೆ ಕಾಲಂ ಇಲ್ಲ ಸಿಸ್ಟರ್!'

ಅವರೂ ನಕ್ಕರು.

ಬೇರೆಯೋರು ನಕ್ಕಿದ್ರೆ ಬಿಡ್ತಿದ್ದೆ. ತಿಳಿಯದೋರು ಅಂತ. ನೀವು ದಾವಣಗೆರೆಯೋರು! ನಿಮ್ಮ ಷರ್ಟ್ ಒಳಗೂ ಶಿವದಾರ ಇತ್ತು, ನಾನು ನೋಡಿದೀನಿ! ಗೊತ್ತಿದ್ದೂ ನಕ್ಕರಿ.

ಏನು ಬೆವರು ಸಾರ್! ಫ್ಯಾನ್ ಜೋರಾಗೇ ತಿರುಗ್ತಿದೆ, ನೀವು ನೋಡಿದ್ರೆ ಕೆರೆಯಿಂದ ಎದ್ದು ಬಂದ ಹಂಗೆ! ಹೆಂಡ್ತಿ ಹಚ್ಚಿದ ವಿಭೂತಿ ಕರಗಿ ಹುಬ್ಬಿಗೆ ಇಳೀತಿದೆ. ಬೆವರಿ, ಚೆನ್ನಾಗಿ ಬೆವರಿ. ಪಾಪ ಮಾಡಿದೋರು ಬೆವರೋದು ನೋಡೋಕೆ ಎಷ್ಟು ಹಿತ ಅಂತ ಇವತ್ತು ಗೊತ್ತಾಗ್ತಿದೆ.

ಅಜ್ಜಿ ಗಾಯ ಕೂಡ್ಲಿಲ್ಲ. ಹೆಂಗೆ ಕೂಡತ್ತೆ? ಒಳಗೆ ಏನಿತ್ತು ಕೂಡೋಕೆ? ಹೊಲಿಗೆ ಬಿಚ್ಕೊಳ್ತು, ಕೀವು ಆಯ್ತು, ಐಸಿಯುಗೆ ಹೋದ್ರು. ಕರಡಿಗೆ ತಂದು ಕೊರಳಿಗೆ ಕಟ್ಟಿದ ಮಗ, ಉಸಿರು ನಿಂತ ಮೇಲೆ. ಅಳ್ತಾ ಕಟ್ಟಿದ. ಆಮೇಲೆ ಕೂಗಾಡಿದ, ಜನ ಸೇರಿಸಿದ. ಆಗ ನೀವು ಬಂದ್ರಿ ಟೈ ಸರಿ ಮಾಡ್ಕೊಂಡು. ಕಂಪ್ಯೂಟರ್ ತಿರುಗಿಸಿ ತೋರಿಸಿದ್ರಿ. 'ನೋಡಿ, ನರ್ಸ್ ಸೊನ್ನೆ ಹಾಕಿದಾರೆ. ಸ್ಕ್ರೀನಿಂಗ್ ತಪ್ಪು. ಸಂಬಂಧಪಟ್ಟೋರ ಮೇಲೆ ಕ್ರಮ ತಗೊಳ್ತೀವಿ.' ಅಮರೇಶ್ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ... ಅದು ಇನ್ನೂ ಇಲ್ಲೇ ಇದೆ ಸಾರ್, ಎದೇಲಿ. ನಿಮ್ಮನ್ನ ನೋಡಿದೆ. ಒಂದು ಮಾತು... 'ಈಯಮ್ಮ ಬದಲಾಯಿಸಿ ಅಂತ ಬಂದಿದ್ರು' ಅಂತ ಒಂದೇ ಒಂದು ಮಾತು ಸಾಕಿತ್ತು. ನೀವು ಸುಮ್ಮನಿದ್ರಿ. ಸುಮ್ಮನಿದ್ರಿ!

ಆಕಳಿಸ್ತಿದೀರಾ? ತಂತಿ ಕಟ್ಟಿದ ಬಾಯಲ್ಲೂ ಆಕಳಿಕೆ! ನನ್ನ ಕತೆ ಬೇಜಾರಾಯ್ತಾ? ನನಗೆ ಮೂರು ಆಸ್ಪತ್ರೆ ಬಾಗಿಲು ಹಾಕಿದ್ವು ಸಾರ್. ನಿಮ್ಮೋರ ವಾಟ್ಸ್ಯಾಪ್ ಗುಂಪಲ್ಲಿ ನನ್ನ ಹೆಸರು ಓಡಾಡಿತ್ತು, 'ಆ ಸೊನ್ನೆ ಸಿಸ್ಟರ್' ಅಂತ. ಕಡೆಗೆ ಪೀಣ್ಯದಲ್ಲಿ ಒಂದು ಎರಕದ ಫ್ಯಾಕ್ಟರಿಯ ಪ್ರಥಮ ಚಿಕಿತ್ಸೆ ಕೋಣೇಲಿ ಕೆಲಸ ಸಿಕ್ತು. ಸುಟ್ಟ ಕೈ, ಜಜ್ಜಿದ ಬೆರಳು. ಅಲ್ಲಿ ಕಲಿತೆ ಮಾತಾಡೋಕೆ. ಕಾರ್ಮಿಕರ ಮುಷ್ಕರದಲ್ಲಿ, ಗೇಟ್ ಮುಂದೆ ಡ್ರಮ್ ಮೇಲೆ ಹತ್ತಿ ಮೈಕ್ ಹಿಡ್ಕೊಂಡು. ಯಾರೂ ಕಲಿಸ್ಲಿಲ್ಲ, ಸಿಟ್ಟೇ ಕಲಿಸ್ತು. ಮಾಲೀಕ ಬಂದು 'ಒನ್ ಮಿನಿಟ್ ಮೇಡಂ' ಅಂದಾಗ, ಇಲ್ಲ ಸಾರ್, ಒಂದು ನಿಮಿಷಾನೂ ಇಲ್ಲ, ಅಂದೆ! ಜನ ಚಪ್ಪಾಳೆ ತಟ್ಟಿದ್ರು. ಪ್ರತಿ ಸಲ ಮೈಕ್ ಹಿಡಿದಾಗ ಎದುರಿಗೆ ನಿಮ್ಮ ಮುಖಾನೇ ಇಟ್ಕೊಂಡು ಮಾತಾಡ್ತಿದ್ದೆ ನಾನು. ಅಲ್ಲಿಂದ ಈ ಸಣ್ಣ ಆಸ್ಪತ್ರೆಗೆ ಬಂದೆ.

ಅರೆ, ಸ್ಲೇಟ್ ಯಾಕೆ ತಳ್ಳಿದ್ರಿ? ಸಿಟ್ಟಾ? ನಿಮಗೂ ಸಿಟ್ಟು ಬರತ್ತಾ? ಬರೀರಿ, ಏನಾದ್ರೂ ಬರೀರಿ. ತಪ್ಪಾಯ್ತು ಅಂತ ಬರೀರಿ. ಎರಡೇ ಎರಡು ಪದ: 'ತಪ್ಪಾಯ್ತು ವೇಣಿ'. ಬರೆದ್ರೆ ತಕ್ಷಣ ಲೋಟ ಎತ್ತೀನಿ. ಹಿಡ್ಕೊಳ್ಳಿ ಕಡ್ಡಿ... ಹ್ಞಾಂ... ತೋರಿಸಿ. ಏನಿದು? ಇರುವೆ ಸಾಲು! ಒಂದಕ್ಷರ, ಅದಾದ ಮೇಲೆ ಬರೀ ಗೀಟು. ಎಂಥ ಸಹಿ ಮಾಡ್ತಿದ್ರಿ ನೀವು, ನನ್ನ ಕೆಲಸದಿಂದ ತೆಗೆದ ಕಾಗದದಲ್ಲಿ, ಬಾಲ ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟು! ಈಗ ನಾಟಕ ಆಡ್ತೀರಾ? ತಪ್ಪಾಯ್ತು ಅನ್ನೋಕೆ ಮಾತ್ರ ಕೈ ಬರಲ್ವಾ?

ನಗ್ತಿದೀರಾ?

ಯಾಕೆ ನಗ್ತೀರಾ? ತಂತಿ ಸಂದಿಯಿಂದ ನಗು! ಅವತ್ತಿನ ಅದೇ ನಗು! ಏಯ್, ಯಾರನ್ನ ನೋಡಿ ನಗ್ತೀಯಾ ನೀನು? ಇಲ್ಲಿ ಬಿದ್ದು, ಬಾಯಿ ಕಟ್ಟಿಸ್ಕೊಂಡು, ನನ್ನ ಕೈಯಿಂದ ಒಂದು ಗುಟುಕಿಗೆ ಕಾಯ್ತಾ... ಇನ್ನೂ ನಗ್ತೀಯಾ? ನಿನಗೆ ಒಂದು ದಿನ ಏನು, ವಾರ ಹಂಗೇ ಬಿಡ್ಬೇಕು! ಆಗ ಗೊತ್ತಾಗತ್ತೆ, ಹಸಿವಿಗೆ ಕಾಲಂ ಇದೆಯಾ ಇಲ್ವಾ ಅಂತ!

...

ಸರಿ. ಸರಿ ಬಿಡಿ. ನಾನು ಹಂಗೆ ಏಕವಚನದಲ್ಲಿ ಮಾತಾಡ್ಬಾರ್ದಿತ್ತು. ಎರಡನೇ ಪ್ರಶ್ನೆ ಕೇಳ್ಬಿಡ್ತೀನಿ, ಮುಗೀತು. ಊಟ ಕಮ್ಮಿ ಆಗಿದೆಯಾ ಸಾರ್?

ತಟ್ಟಿ.

ಕಣ್ಣು ಮುಚ್ಚಿದ್ರೆ ನಾನು ಬಿಟ್ಬಿಡ್ತೀನಿ ಅಂದ್ಕೊಂಡ್ರಾ? ಒಂದು ಹೌದು, ಎರಡು ಇಲ್ಲ. ತಟ್ಟಿ ಸಾರ್. ಅವತ್ತೂ ಸುಮ್ಮನಿದ್ರಿ, ಇವತ್ತೂ ಸುಮ್ಮನಿದ್ರೆ ನಾನು ಕೇಳೋಳಲ್ಲ. ಸಾರ್... ಕೈ ಕೊಡಿ, ನಾನೇ ಕಂಬಿ ಮೇಲೆ ಇಡ್ತೀನಿ...

ಯಾಕೆ ಇಷ್ಟು ತಣ್ಣಗಿದೆ?

ಸಾರ್. ಸಿದ್ದಾರ್ಥ್ ಸಾರ್! ಕಣ್ಣು ಬಿಡಿ. ಇಲ್ಲಿ ನೋಡಿ... ಬೆವರು... ನಡುಕ... ಆಕಳಿಕೆ... ಆ ಗೀಟು... ಅಯ್ಯೋ! ಅಯ್ಯೋ ನನ್ನ ಕಣ್ಣು ಕಿತ್ತುಹೋಗ! ಎದುರಿಗೇ ನಿಂತು ನೋಡ್ತಿದ್ದೆನಲ್ಲ! ಅದು ಹೆದರಿಕೆ ಅಲ್ಲ, ನಗು ಅಲ್ಲ... ಶುಗರ್! ಶುಗರ್ ಬಿದ್ದಿದೆ! ಹೊಳೆವ್ವಾ! ಏ ಹೊಳೆವ್ವಾ! ಬಕೆಟ್ ಅಲ್ಲೇ ಬಿಡು, ಕೆಂಪು ಟ್ರೇ ತಗೊಂಬಾ, ಪ್ರಾಣ ಉಳಿಸೋ ಟ್ರೇ! ಪರಮಾನಂದ ಡಾಕ್ಟ್ರನ್ನ ಕೂಗು!

ಬೆರಳು ಕೊಡಿ ಸಾರ್... ಬಾ ರಕ್ತ, ಬಾ... ಮಶೀನು ಅಂಕೀನೇ ತೋರಿಸ್ತಿಲ್ಲ. 'ಲೋ' ಅಂತಿದೆ. ಬರೀ 'ಲೋ'! ಕೊಡು ಇತ್ತ ಹೊಳೆವ್ವ, ಆ ಗ್ಲೂಕೋಸ್, ದೊಡ್ಡ ಸಿರಿಂಜು. ಬಾಯಿಗೆ ಹಾಕೋ ಹಂಗಿಲ್ಲ, ಕೈಯಲ್ಲೇ ಸೂಜಿ ಇದೆ, ಅದರಲ್ಲೇ ಬಿಡ್ತೀನಿ. ಏನು ಕೇಳ್ತಿದೀಯಾ? ನಿಲ್ಲಿಸು, ಆಮೇಲೆ ಹೇಳ್ತೀನಿ! ಡ್ರಿಪ್ ಇತ್ತಲ್ವಾ ಅಂತಾಳೆ... ಬರೀ ಉಪ್ಪುನೀರಿನ ಡ್ರಿಪ್ ಕಣೇ ಅದು, ಸಕ್ಕರೆ ಇಲ್ಲ ಅದರಲ್ಲಿ!

ಹೋಗ್ತಿದೆ, ಹೋಗ್ತಿದೆ... ಬನ್ನಿ ಸಾರ್. ವಾಪಸ್ ಬನ್ನಿ. ನಾನಿನ್ನೂ ನಿಮ್ಮನ್ನ ಬೈದು ಮುಗಿಸಿಲ್ಲ. ಹಿಂಗೆ ಹೋಗೋ ಹಂಗಿಲ್ಲ ನೀವು, ಕೇಳಿಸ್ತಾ? ಒಂದೇ ದಿನ ಅಂದ್ಕೊಂಡಿದ್ದೆ ನಾನು... ಒಂದು ದಿನ ಹೊಟ್ಟೆ ಚುರುಗುಟ್ಟಲಿ, ಅಷ್ಟೇ ಅಂತ... ಹೊಳೆವ್ವ, ನೀನು ಕೇಳಿಸ್ಕೊಳ್ಬೇಡ, ವಿಭೂತಿ ಕಣ್ಣಿಗಿಳೀತಿದೆ, ಒರೆಸು ಅದನ್ನ. ಮೆತ್ತಗೆ.

ಹ್ಞಾಂ... ರೆಪ್ಪೆ ಅಲ್ಲಾಡ್ತು. ಅಲ್ಲಾಡ್ತು! ನೋಡಿ ಸಾರ್, ಈ ಕಡೆ... ಹ್ಞೂ, ಹ್ಞೂ, ನಾನೇ. ವೇಣಿ.

ಡಾಕ್ಟ್ರೇ, ಬನ್ನಿ. ಶುಗರ್ ಬಿದ್ದಿತ್ತು, ಗ್ಲೂಕೋಸ್ ಕೊಟ್ಟಿದೀನಿ, ಈಗ ಎಚ್ಚರ ಆಗ್ತಿದಾರೆ. ಯಾಕೆ ಬಿತ್ತು ಅಂದ್ರೆ... ಇಂಜೆಕ್ಷನ್ನಾ? ಹೌದು ಡಾಕ್ಟ್ರೇ, ನೀವು ಇವತ್ತು ಹೆಚ್ಚಿಸಿದ ಪ್ರಮಾಣಾನೇ, ಬೆಳಿಗ್ಗೆ ಒಂದು, ಈಗೊಂದು. ಊಟನಾ? ಊಟ... ಮಾಡಿದಾರೆ. ನೀವು ನೋಡಿದ್ರಲ್ಲ, ಪೂರ್ತಿ ಊಟ ಅಂತ ಬರ್ದಿದೆ. ಅದನ್ನ ನೋಡೇ ಅಲ್ವಾ ನೀವು ಹೆಚ್ಚಿಸಿದ್ದು...

ಇವರನ್ನೇ ಕೇಳ್ತೀರಾ?

ಕೇಳಿ. ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ. ಈಗ ಎಚ್ಚರ ಇದೆ ಇವರಿಗೆ.

...

ಯಾಕ್ ಸಾರ್? ಕೇಳಿಸ್ತಲ್ಲ ಡಾಕ್ಟ್ರು ಕೇಳಿದ್ದು? ಊಟ ಮಾಡಿದ್ರಾ ಅಂತ. ತಟ್ಟಿ. ಬೆರಳಿಗೆ ಬಿಸಿ ಬಂದಿದೆ, ನನ್ನ ಕೈಯಲ್ಲೇ ಇದೆ, ಗೊತ್ತಾಗ್ತಿದೆ ನನಗೆ. ಎರಡು ಸಲ ತಟ್ಟಿ, ನಾನು ಸುಳ್ಳಿ ಅಂತ ಹೇಳಿ. ಅವತ್ತು ಎಲ್ಲರೆದುರು ಬೆರಳು ತೋರಿಸಿದ್ರಲ್ಲ, ಈಗ್ಲೂ ತೋರಿಸಿ! ಸ್ಲೇಟ್ ಕೊಡ್ಲಾ? ಹೊಳೆವ್ವ, ಸ್ಲೇಟ್ ಎತ್ತಿ ಕೊಡು ಇವರಿಗೆ...

ತಗೊಳ್ಳಲ್ವಾ?

ನನ್ನ ಮುಖ ಯಾಕೆ ಹಂಗೆ ನೋಡ್ತೀರಾ? ಕಣ್ಣು ತೆಗೀರಿ. ನಾನು ನಿಮ್ಮನ್ನ ಕ್ಷಮಿಸಿಲ್ಲ, ತಿಳ್ಕೊಳ್ಳಿ. ಯಾವತ್ತೂ ಕ್ಷಮಿಸಲ್ಲ. ರುದ್ರಮ್ಮಜ್ಜಿ ಸತ್ತಿದ್ದು ನಿಮ್ಮಿಂದಾನೇ... ಹಂಗೆ ನೋಡ್ಬೇಡಿ ಅಂದೆ!

ಡಾಕ್ಟ್ರೇ. ಅವರು ತಟ್ಟಲ್ಲ. ನೀವು ಬರ್ಕೊಳ್ಳಿ, ನಾನು ಹೇಳ್ತೀನಿ.

ಅಂಕ ಸೊನ್ನೆ. ನಿನ್ನೆ ಬೆಳಿಗ್ಗೇನೇ ಹಾಕಿದೀನಿ. ಕೇಳದೇನೇ ಹಾಕಿದೀನಿ. ಅದಕ್ಕೇ ಡಯಟೀಶಿಯನ್ ಬರ್ಲಿಲ್ಲ, ಅದಕ್ಕೇ ಅಡುಗೆಮನೆ ಸೋಸದ ಗಂಜಿ ಕಳಿಸ್ತು. ಅಗುಳು ತಂತಿಗೆ ಸಿಕ್ಕಿ ಇವರಿಗೆ ನುಂಗೋಕೆ ಆಗ್ಲಿಲ್ಲ. ನೋಡ್ತಾ ನಿಂತಿದ್ದೆ. ನಿನ್ನೆ ಮಧ್ಯಾಹ್ನದ್ದು ವಾಪಸ್. ರಾತ್ರಿದು ವಾಪಸ್. ಬೆಳಿಗ್ಗೆದು ವಾಪಸ್. 'ಪೂರ್ತಿ ಊಟ' ಅಂತ ಬರೆದಿದ್ದು ನಾನು.

ಈ ಮಧ್ಯಾಹ್ನದ್ದು... ಅಲ್ಲಿದೆ ನೋಡಿ, ಕೆನೆ ಕಟ್ಟಿದೆ.